ಬಿಸಿಲಿನ ಸುಮಾರು ಲೆಕ್ಕ

ಬಿಸಿಲಿನ ಮ್ಯಾಲ ಲೆಕ್ಕ ಮಾಡೋ ಮನುಷ್ಯಾನ್ನ ಜನ ಸುಮ್ಮನ ಬಿಡಂಗಿಲ್ಲ ನೋಡ್ರಿ, ಒಂದಿಲ್ಲೊಂದು ಫಜೀತಿ ಮನಿ ಬಾಗಿಲಿಗೇ ಬರ್ತೈತಿ. ನಾನು ಕೊಟ್ಟೂರಾಗ ಕಾಲೇಜಿನ ಹುಡುಗರಿಗೆ ಫಿಸಿಕ್ಸ್ ಹೇಳ್ತಿದ್ದೆ. ಜತಿಗೆ ಪಿಎಚ್.ಡಿ. ಹುಚ್ಚು. ಸೂರ್ಯನ ಬೆಳಕು ಗಾಳಿ, ಧೂಳು, ಹೊಗಿ ಎಲ್ಲಾ ದಾಟಿ ನೆಲ ಮುಟ್ಟೋದ್ರಾಗ ಎಷ್ಟು ಉಳೀತೈತಿ ಅನ್ನೋದು ವಿಷಯ. ಪೂರ್ತಿ ಲೆಕ್ಕ ಯಾರಪ್ಪನ ಕೈಲೂ ಆಗಂಗಿಲ್ಲ. ಅದಕ್ಕ 'ಹಿಂಗೈತಿ ಅಂತ ತಿಳ್ಕೊಳ್ಳೋಣ' ಅಂದು ಸುಮಾರು ಲೆಕ್ಕ ಹಾಕ್ತೀವಿ. ಈ 'ಸುಮಾರು' ಅನ್ನೋದರಿಂದ ನನ್ನ ಮದುವಿನೇ ತಪ್ಪೋದ್ರಾಗಿತ್ತು! ಅದಕ್ಕಿಂತ ಮೊದಲಿನ ಫಜೀತಿ ಎರಡು ಹೇಳಿಬಿಡ್ತೀನಿ, ತಡಕೊಳ್ಳಾಕ ಆಗಂಗಿಲ್ಲ.

ಮಾಳಿಗಿ ಮ್ಯಾಲಿನ ಯಂತ್ರ

ಬಾಡಿಗಿ ಮನಿ ಮಾಳಿಗಿ ಮ್ಯಾಲ ಬಿಸಿಲು ಅಳೆಯೋ ಯಂತ್ರ ಇಟ್ಟಿದ್ದೆ. ಹಪ್ಪಳ ಒಣಗಿಸಾಕ ಬಂದ ಮನಿ ಯಜಮಾನಮ್ಮ ಸೊಂಟದ ಮ್ಯಾಲ ಕೈ ಇಟ್ಕೊಂಡು ಕೇಳಿದ್ರು:

"ಇದೇನ್ರಿ ಸರ?"

"ಬೆಳಕು ಅಳೆಯೋದ್ರಿ ಅಮ್ಮಾ. ನಮ್ಮ ಲೆಕ್ಕದಾಗ ಬೆಳಕಿಗೆ ಎರಡ ದಾರಿ. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ."

"ಅಡ್ಡಡ್ಡ ಬರಂಗಿಲ್ಲೇನು?"

"ಬರ್ತೈತ್ರಿ. ಆದ್ರ ಬರಂಗಿಲ್ಲ ಅಂತ ತಿಳ್ಕೊಂತೀವಿ."

ಯಜಮಾನಮ್ಮ ಅಂಗಳದಾಗ ಕುಂತಿದ್ದ ಗಂಡನಿಗೆ ಮ್ಯಾಲಿಂದಲೇ ಕೂಗಿದ್ರು: "ಏನ್ರೀ, ಹಂಡೇದಾಗ ನೀರು ತುಂಬ್ಯಾವು ಅಂತ ತಿಳ್ಕೊಂಡು ದಿನಾ ಬಚ್ಚಲಕ್ಕ ಹೋಗ್ತೀರಲ್ಲ, ಅದಕ್ಕ ದೊಡ್ಡ ಪದವಿ ಕೊಡ್ತಾರಂತ! ನೀವೂ ಒಂದು ಅರ್ಜಿ ಹಾಕ್ರಿ!"

ಬಿಸಿಲು ಕಮ್ಮಿ ಬಿದ್ದದ್ದು

ನನ್ನ ಲೆಕ್ಕ ಇಷ್ಟು ಬಿಸಿಲು ಅಂದ್ರ, ಯಂತ್ರ ಕಮ್ಮಿ ತೋರಿಸ್ತಿತ್ತು. ಯಾಕಪಾ ಅಂತ ಹುಡುಕಿದ್ರ, ಹಿಂದಿನ ಓಣ್ಯಾಗ ಮಂಡಕ್ಕಿ ಭಟ್ಟಿ! ಅದರ ಹೊಗಿ ಎಲ್ಲಾ ನಮ್ಮ ಮಾಳಿಗಿ ಮ್ಯಾಲ. ಭಟ್ಟಿ ಮಾಲಕನ ಹತ್ರ ಹೋಗಿ, "ನಾಳಿ ಒಂದಿನ ಬಂದ್ ಮಾಡ್ರಿ, ಬಿಸಿಲು ಕಮ್ಮಿ ಬೀಳಾಕ ಹತ್ತೈತಿ" ಅಂದೆ.

ಅವ ಹೆಗಲ ಮ್ಯಾಲಿನ ಟವೆಲ್ಲಿನಿಂದ ಮಾರಿ ಮ್ಯಾಲಿನ ಬೆವರು ಒರಸ್ಕೊಂಡು ನನ್ನನ್ನ ಒಂದ್ಸಲ ನೋಡಿದ, ಆಕಾಶ ಒಂದ್ಸಲ ನೋಡಿದ. "ಕೊಟ್ಟೂರಾಗ ಬಿಸಿಲು ಕಮ್ಮಿ ಬಿತ್ತು ಅಂತ ಬಂದವರು ನೀವ ಮೊದಲ್ನೇರು ಸರ. ಬರ್ರಿ, ನೆರಳಾಗ ಕುಂದ್ರ್ರಿ, ಮೊದಲು ತಲಿಗೆ ನೀರು ತಟ್ಕೊಳ್ರಿ" ಅಂದ. ಆಮ್ಯಾಲ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತರಿಸಿದ. ಅಷ್ಟು ತಿಂದಮ್ಯಾಲ ಭಟ್ಟಿ ಬಂದ್ ಮಾಡ್ರಿ ಅನ್ನಾಕ ಬಾಯಿ ಬರಬೇಕಲ್ಲ!

ಕಡೀಕ ಆ ಹೊಗಿಯನ್ನೂ ಲೆಕ್ಕದಾಗ ಸೇರಿಸಿದೆ. ನಮ್ಮ ಪಿಎಚ್.ಡಿ. ಗೈಡು ಅದನ್ನ ನೋಡಿ, ಎಸ್‌ಟಿಡಿ ಬೂತಿನಿಂದ ನಾ ಫೋನ್ ಮಾಡಿದಾಗ ಕೇಳಿದ್ರು: "ಇದೊಂದು ಹೊಸಾ ಅಂಕಿ ಐತಲ್ಲ, ಏನದು?"

"ಮಂಡಕ್ಕಿ ಸರ್."

ಬೂತಿನ ಮೀಟರ್ ಓಡ್ತಾನೇ ಇತ್ತು. "ಬರುವಾಗ ಒಂದು ಚೀಲ ತಗೊಂಡು ಬಾ, ಪರೀಕ್ಷೆ ಮಾಡೋಣ" ಅಂದ್ರು.

ಹೆಣ್ಣು ನೋಡಾಕ ಹೋದದ್ದು

ಹುಡುಗಿ ಕೂಡ್ಲಿಗಿ ಶಾಲಿಯಾಗ ಟೀಚರು. ಬಸ್ಸಿನಾಗ ನೋಡಿ ನೋಡಿ ನನಗ ಆಕಿ ಬಿಟ್ಟು ಬ್ಯಾರೆ ಯಾರೂ ಬ್ಯಾಡಾಗಿತ್ತು. ಆಕಿಗೂ ಮನಸಿತ್ತು. ಇನ್ನ ಅವರಪ್ಪ ಹೂಂ ಅನ್ನಬೇಕಿತ್ತು, ಅಷ್ಟ. ಅವರು ಹರಪನಹಳ್ಳಿಯಾಗ ರಿಟೈರ್ ಆದ ಗಣಿತದ ಮಾಸ್ತರು. ಹಗರಿಬೊಮ್ಮನಹಳ್ಳಿಯಾಗಿದ್ದ ನಮ್ಮಕ್ಕನ್ನ ಕರಕೊಂಡು ಅವರ ಮನಿಗೆ ಹೋದೆ.

"ಏನು ಲೆಕ್ಕ ಮಾಡ್ತೀಯಪಾ?" ಅಂದ್ರು ಮಾಸ್ತರು.

"ಗಾಳಿ ಅಂದ್ರ ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ ಪದರ ಪದರ ಐತಿ ಅಂತ ತಿಳ್ಕೊಂತೀವ್ರಿ. ಭೂಮಿ ಚಪ್ಪಟಿ ಅಂತ ಹಿಡೀತೀವಿ."

"ಭೂಮಿ ಚಪ್ಪಟೀನಾ?"

"ಸುಮಾರು ಚಪ್ಪಟಿರಿ."

"ಉತ್ತರ ಸರಿ ಬರ್ತೈತೇನು?"

"ಸುಮಾರು ಸರಿ ಬರ್ತೈತ್ರಿ."

ಮಾಸ್ತರು ಅವಲಕ್ಕಿ ತಟ್ಟಿ ಕೆಳಗಿಟ್ರು. "ಸುಮಾರು ಅಂದ ಹುಡುಗರನ್ನ ನಾ ಬೆಂಚಿನ ಮ್ಯಾಲ ನಿಂದ್ರಿಸೀನಿ. ನೀನು ಮಗಳನ್ನ ಕೇಳಾಕ ಬಂದೀದಿ. ನಿನ್ನ ಏನು ಮಾಡಲಿ?"

ನಮ್ಮಕ್ಕ ಗಾಬರಿಯಾಗಿ, "ಬೆಂಚ್ ಎಲ್ಲೈತಿ ತೋರ್ಸ್ರಿ ಸರ, ನಿಂದ್ರುತಾನ" ಅಂದಳು!

ಹುಟ್ಟದ ಸೂರ್ಯ

ಮಾಸ್ತರು ಆಗಂಗಿಲ್ಲ ಅಂದೇಬಿಟ್ರು. ನನಗ ಅಳೋದೊಂದು ಬಾಕಿ. ಸಾಲದ್ದಕ್ಕ ಕಡೇ ಬಸ್ಸೂ ತಪ್ಪಿ, ಬ್ಯಾಡ ಅಂದವರ ಮನಿಯಾಗೇ ಉಂಡು ಮಲಗಿದ್ವಿ.

ಬೆಳಿಗ್ಗಿ ಮಾಸ್ತರು ಮಾಳಿಗಿ ಮ್ಯಾಲ ನೀರಿನ ತಂಬಿಗಿ ಹಿಡಕೊಂಡು ನಿಂತಿದ್ರು. ದಿನಾ ಸೂರ್ಯನ ಅಂಚು ಕಂಡ ಕ್ಷಣಕ್ಕ ಅರ್ಘ್ಯದ ನೀರು ಬಿಡೋದು ಅವರ ನೇಮ. ಅಂಚು ಕಾಣಿಸ್ತು, ತಂಬಿಗಿ ಎತ್ತಿದ್ರು. ನನ್ನ ಹಾಳು ಬಾಯಿ ಸುಮ್ಮನಿರಬೇಕೋ ಬ್ಯಾಡೋ!

"ಸರ, ಸೂರ್ಯ ಇನ್ನಾ ಹುಟ್ಟಿಲ್ರಿ" ಅಂದೆ.

"ಕಣ್ಣಿಗೆ ಕಾಣಾಕ ಹತ್ತ್ಯಾನಲ್ಲೋ!"

"ಗಾಳಿಯಾಗ ಬೆಳಕು ಬಾಗಿ ಬರ್ತೈತ್ರಿ, ಅದಕ್ಕ ಮೊದಲ ಕಾಣ್ತಾನ. ಖರೇ ಸೂರ್ಯ ಇನ್ನಾ ನೆಲದ ಕೆಳಗ ಅದಾನ. ಎರಡು ನಿಮಿಷ ಬೇಕು."

"ಎರಡಂದ್ರ ಎರಡ?"

"ಬಿಸಿ ಗಾಳಿಗೆ ಒಂಚೂರು ಕಮ್ಮಿ, ತಂಪು ಗಾಳಿಗೆ ಒಂಚೂರು ಜಾಸ್ತಿ. ಖಚಿತ ಹೇಳಾಕ ಯಾರಿಗೂ ಬರಂಗಿಲ್ರಿ."

ಚಾ ತಂದಿದ್ದ ಮಾಸ್ತರ ಹೆಂಡ್ರು ಅಲ್ಲೇ ಕುಕ್ಕರಿಸಿ ಬಿದ್ದು ಬಿದ್ದು ನಕ್ಕರು. "ಅಯ್ಯಯ್ಯ! ಹಂಗಾರ ಇಷ್ಟು ವರ್ಷ ಇವರು ನೀರು ಬಿಟ್ಟಿದ್ದು ಯಾರಿಗೆ?"

ಮಾಸ್ತರ ಮಾರಿ ಇಳಿದುಹೋತು. ನನ್ನ ರಟ್ಟಿ ಹಿಡದು ನೀರಿನ ಟ್ಯಾಂಕಿನ ಹಿಂದಕ್ಕ ಎಳಕೊಂಡು ಹೋದ್ರು. ದನಿ ತಗ್ಗಿಸಿ ಅಂದ್ರು: "ನಾ ನೀರು ಬಿಟ್ಟಾಗಲೇ ಹೊತ್ತು ಹುಟ್ಟಿತು ಅಂತ ಓಣಿ ಮಂದಿ ನಂಬ್ಯಾರ. ಈ ಸುದ್ದಿ ತಿಳಿದ್ರ ನನ್ನ ಮರ್ಯಾದಿ ಏನಾಗಬೇಕು? ನೀ ಹೊರಗಿನವನಾದ್ರ ಹಡಗಲಿ ತನಕಾ ಹೇಳ್ಕೊಂಡು ತಿರುಗ್ತಿ. ಅಳಿಯ ಆದ್ರ?"

"ಬಾಯಿ ಬಿಡಂಗಿಲ್ರಿ ಮಾವ!"

"ಕೊಟ್ಟೆ ಹಂಗಾರ. ಮಾತಂದ್ರ ಮಾತು. ಇನ್ನ ಹಿಂದಕ್ಕ ತಗೊಳ್ಳಂಗಿಲ್ಲ."

ನನಗ ಕುಣೀಬೇಕು ಅನ್ನಿಸ್ತು. ಇಬ್ಬರೂ ಕೈ ಕೈ ಹಿಡಕೊಂಡು ಟ್ಯಾಂಕಿನ ಹಿಂದಿನಿಂದ ಬಂದ್ವಿ. ನೋಡಿದ್ರ ನಮ್ಮತ್ತಿ ಮಾಳಿಗಿ ಗ್ವಾಡಿ ಮ್ಯಾಲ ಬಗ್ಗಿ, ಓಣಿಗೆಲ್ಲಾ ಕೇಳಂಗ ಕೂಗಾಕ ಹತ್ತ್ಯಾರ: "ಏ ಎದುರುಮನಿ ಅಕ್ಕಾ, ಹೊರಗ ಬಾರವಾ! ನಮ್ಮ ಮಾಸ್ತರು ಇಷ್ಟು ದಿನ ಹುಟ್ಟದ ಸೂರ್ಯಗ ನೀರು ಬಿಟ್ಟಾರಂತ!"

ಮಾವ ನನ್ನ ಕಡಿ ತಿರುಗಿದ್ರು.

"ನಾ ಬಾಯಿ ಬಿಟ್ಟಿಲ್ರಿ ಮಾವ" ಅಂದೆ.