ಬಹಿರ್ಮುಖಿ ಮುಕ್ತ ಗೌಜಲಪುರ

ನಾಲ್ಕು ಗೋಡೆ, ಒಂದು ಬಾಗಿಲು. ಹೋಗುವಾಗ ಭಾರ, ಬರುವಾಗ ಹಗುರ. ಚೊಂಬು ಬೇಡ, ನೀರು ಬೇಡ, ಮೂಗು ಮುಚ್ಚಿಕೊಳ್ಳುವುದೂ ಬೇಡ. ಏನದು?

ಬಿಡಿ, ನಿಮ್ಮ ಕೈಲಿ ಆಗುವುದಿಲ್ಲ. ನೀವು ದಡ್ಡರು ಅಂತಲ್ಲ. ಗೌಜಲಪುರ ಬಿಟ್ಟರೆ ಅಂಥ ಪದಾರ್ಥ ಭೂಮಿ ಮೇಲೆ ಇನ್ನೆಲ್ಲೂ ಇರಲಿಲ್ಲ. ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಆ ಊರಿನ ಬೋರ್ಡು ಕಾಣುತ್ತದೆ. ಹಸಿರು ಬಣ್ಣ, ಬಿಳಿ ಅಕ್ಷರ: 'ಬಹಿರ್ಮುಖಿ ಮುಕ್ತ ಗ್ರಾಮಕ್ಕೆ ಸುಸ್ವಾಗತ. ದಯವಿಟ್ಟು ಯಾರನ್ನೂ ಮಾತಾಡಿಸಬೇಡಿ.'

ಈ ಸಾಧನೆ ಆದದ್ದು ಹೀಗೆ.

ಚಾಮರಾಜನಗರದಲ್ಲಿ 'ವ್ಯಕ್ತಿತ್ವ ವಿಕಸನ ಕೋಶ' ಅಂತ ಒಂದು ಕಚೇರಿ. ಅದರ ಮುಖ್ಯಸ್ಥೆ ಸ್ವರ್ಣಲತಾ ಮೇಡಂ ಎಲ್ಲ ಪಂಚಾಯ್ತಿಗಳಿಗೂ ಒಂದು ಸುತ್ತೋಲೆ ಕಳಿಸಿದರು. 'ಮನಶ್ಶಾಸ್ತ್ರದ ಪ್ರಕಾರ ಮನುಷ್ಯರಲ್ಲಿ ಎರಡು ಬಗೆ: ಅಂತರ್ಮುಖಿ ಮತ್ತು ಬಹಿರ್ಮುಖಿ. ತಮ್ಮ ವ್ಯಾಪ್ತಿಯಲ್ಲಿರುವ ಬಹಿರ್ಮುಖಿಗಳ ಸಂಖ್ಯೆಯನ್ನು ಕೂಡಲೇ ವರದಿ ಮಾಡುವುದು.' ಅವರನ್ನೆಲ್ಲ ಕರೆಸಿ ಶಾಲು ಹೊದಿಸಿ ನಾಯಕತ್ವದ ತರಬೇತಿ ಕೊಡುವುದಾಗಿ ಎರಡನೇ ಪುಟದಲ್ಲಿತ್ತು. ಎರಡನೇ ಪುಟ ವಾಟ್ಸಾಪಿನಲ್ಲಿ ಡೌನ್‌ಲೋಡ್ ಆಗಲಿಲ್ಲ.

ಗೌಜಲಪುರದ ಪಿಡಿಒ ಮರಿಮಲ್ಲಪ್ಪನವರು 'ಬಹಿರ್' ಎಂಬ ತನಕ ಓದಿ ಬೆವೆತುಹೋದರು. ಅವರ ಸರ್ವೀಸಿನಲ್ಲಿ ಹಾಗೆ ಶುರುವಾಗುವ ಪದ ಒಂದೇ ಬಂದಿದ್ದದ್ದು. ಬಹಿರ್ದೆಸೆ. ಆಗ ಬಯಲಿಗೆ ಹೋಗುವವರ ನಿಜವಾದ ಲೆಕ್ಕ ಕೊಟ್ಟ ಪಕ್ಕದ ಪಂಚಾಯ್ತಿಯ ಪಿಡಿಒ ಈಗ ಎಲ್ಲಿದ್ದಾರೆಂದು ಅವರ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲ. ಮರಿಮಲ್ಲಪ್ಪ ತಡಮಾಡದೆ ಉತ್ತರ ಬರೆದರು: 'ಶೂನ್ಯ. ನಮ್ಮ ಗ್ರಾಮವು ಸಂಪೂರ್ಣ ಬಹಿರ್ಮುಖಿ ಮುಕ್ತವಾಗಿದ್ದು, ಸಾರ್ವಜನಿಕರೆಲ್ಲರೂ ಒಳಗೇ ಹೋಗುತ್ತಿದ್ದಾರೆ.'

ಕೋಶದಲ್ಲಿ ಇದನ್ನು ಓದಿ ಯಾರೂ ನಗಲಿಲ್ಲ. ಶೇಕಡಾ ನೂರು ಸಾಧನೆ ಬಂದಾಗ ನಗುವ ಪದ್ಧತಿ ಸರ್ಕಾರದಲ್ಲಿ ಇಲ್ಲ. ಉತ್ತರ ಮೇಲಿನವರಿಗೆ ಹೋಯಿತು, ಮೇಲಿನವರು ಅದನ್ನು ಅವರ ಮೇಲಿನವರಿಗೆ ಕಳಿಸಿದರು, ಅಲ್ಲಿಂದ ಅದು ಯೋಜನೆಯಾಗಿ ಇಳಿದು ಬಂತು. 'ಗೌಜಲಪುರ ಮಾದರಿ ಗ್ರಾಮ. ಸ್ವರ್ಣಲತಾ ಅವರು ಖುದ್ದು ತಪಾಸಣೆಗೆ ಬರುವರು. ಒಬ್ಬನೇ ಒಬ್ಬ ಬಹಿರ್ಮುಖಿ ಕಂಡುಬಂದರೂ ಪಿಡಿಒ ಅವರೇ ಹೊಣೆ.'

ಮರಿಮಲ್ಲಪ್ಪ ಆಗ ಹೈಸ್ಕೂಲ್ ಮೇಷ್ಟ್ರನ್ನು ಕರೆದು ಆ ಪದದ ಅರ್ಥ ಕೇಳಿದರು.

"ಯಾರನ್ ಕಂಡ್ರೂ ಮೇಲ್ ಬಿದ್ದು ಮಾತಾಡೋರು ಸಾರ್" ಅಂದರು ಮೇಷ್ಟ್ರು.

ಪಿಡಿಒ ಕಣ್ಣ ಮುಂದೆ ಪುಟ್ಟಸಿದ್ದಮ್ಮ ಬಂದು ನಿಂತಳು.

ಬೆಟ್ಟದ ಬಸ್ಸಿಗೆ ಜನ ಕಾಯುವ ಜಾಗದಲ್ಲಿ ಪುಟ್ಟಸಿದ್ದಮ್ಮನದು ಸೀಬೆಕಾಯಿ ಗಾಡಿ. ಕಾಯಿ ಎಲ್ಲರ ಕಾಯಿಯಂತೆಯೇ. ಜನ ಕೊಳ್ಳುತ್ತಿದ್ದದ್ದು ಮಾತನ್ನು. ಹೊಸದಾಗಿ ಮದುವೆಯಾದವರು ಬಂದರೆ ಹುಟ್ಟಲಿರುವ ಮಗುವಿಗೆ ಹೆಸರಿಟ್ಟೇ ಕಳಿಸುತ್ತಿದ್ದಳು. ಕೇರಳದ ಕಾರು ನಿಂತರೆ "ವಾ ಮೋಳೇ, ನಲ್ಲ ಪೇರಕ್ಕ!" ಅಂತ ಅವರ ಮಲಯಾಳದಲ್ಲೇ ಸೀಬೆಗೆ ಕರೆದು, ಅವರು ಹತ್ತಿರ ಬರುವುದರೊಳಗೆ ಉಪ್ಪುಖಾರ ಸವರಿ ಕೈಗಿಟ್ಟಿರುತ್ತಿದ್ದಳು. ಗಾಡಿ ಹೋದರೆ ಅವಳಿಗೆ ಅನ್ನ ಹೋಯಿತು. ಮಾತು ಹೋದರೆ ಗಾಡಿ ಇದ್ದೂ ಒಂದೇ, ಇಲ್ಲದೆಯೂ ಒಂದೇ.

ಮರಿಮಲ್ಲಪ್ಪ ಬಂದು ನಿಂತರು. "ಪುಟ್ಟಸಿದ್ದಮ್ಮ, ತಪಾಸಣೆ ಬರೋದ್ರೊಳ್ಗೆ ನೀನು ಅಂತರ್ಮುಖಿ ಆಗ್ಬೇಕು ಕಣಮ್ಮ. ಇಲ್ದಿದ್ರೆ ಗಾಡಿ ಎತ್ತಿಸ್ಬೇಕಾಯ್ತದೆ."

"ಆಗನ ಬುಡು. ಎಲ್ ಸೈನ್ ಆಕ್ಬೇಕು?"

"ಸೈನಲ್ಲ ಕಣಮ್ಮ. ಮಾತಾಡ್ಬಾರ್ದು."

"ಯಾರ್ ಜೊತೆ?"

"ಯಾರ್ ಜೊತೇನೂ."

"ನಿನ್ ಜೊತೆ?"

"ನನ್ ಜೊತೇನೂ."

"ಮತ್ಯಾಕಪ್ಪ ಬಂದು ಮಾತಾಡುಸ್ತಾ ಇದ್ದೀಯೆ?"

ಪಿಡಿಒ ಅವರು ಸದರಿ ಪ್ರಶ್ನೆಯನ್ನು ಮುಂದಿನ ಪರಿಶೀಲನೆಗೆ ಕಾಯ್ದಿರಿಸಿ ಹೊರಟುಹೋದರು.

ಆಮೇಲೆ ಕೋಶದಿಂದ ಚಂದ್ರಕುಮಾರ್ ಎಂಬ ಸಂಪನ್ಮೂಲ ವ್ಯಕ್ತಿ ಬಂದರು. ಸಂಪನ್ಮೂಲ ವ್ಯಕ್ತಿ ಎಂದರೆ, ಬೇರೆಯವರ ಹತ್ತಿರ ಏನಿಲ್ಲ ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವವರು. ಸಮುದಾಯ ಭವನದಲ್ಲಿ ಊರೆಲ್ಲ ಕೂತಿತು. ಪುಟ್ಟಸಿದ್ದಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಪರದೆ ಮೇಲೆ ಒಬ್ಬ ಗಡ್ಡದ ಡಾಕ್ಟರು ಮೂಡಿದರು.

"ಇವರ ಸಿದ್ಧಾಂತದ ಪ್ರಕಾರ ಪ್ರತಿಯೊಬ್ಬರ ಒಳಗೂ ಮೂವರಿದ್ದಾರೆ. ಒಬ್ಬ ಬೇಕು ಬೇಕು ಅಂತಾನೆ. ಒಬ್ಬ ತಪ್ಪು ತಪ್ಪು ಅಂತಾನೆ. ಮಧ್ಯದವನು ಇಬ್ಬರಿಗೂ ಸಮಾಧಾನ ಹೇಳಿ ಸುಸ್ತಾಗ್ತಾನೆ."

"ಗೊತ್ತು ಬುಡಿ ಸಾಮಿ. ಕೂಸು, ಅತ್ತೆ, ಗಂಡ. ನಮ್ಮನೇಲೇ ಇದ್ರು" ಅಂದಳು ಪುಟ್ಟಸಿದ್ದಮ್ಮ.

ಹಿಂದಿನಿಂದ ಯಾರೋ ಎದ್ದು, ಒಬ್ಬರೊಳಗೆ ಮೂವರಿದ್ದರೆ ರೇಷನ್ನೂ ಮೂರು ಪಾಲು ಬರಬೇಕಲ್ಲ ಅಂದರು. ಚಪ್ಪಾಳೆ ಬಿತ್ತು. "ಕಂದಾಯಾನೂ ಮೂರು ಪಾಲು ಕಟ್ಬೇಕಾಯ್ತದೆ" ಅಂದರು ಮರಿಮಲ್ಲಪ್ಪ. ತಕ್ಷಣ ಎಲ್ಲರ ಒಳಗಿನಿಂದಲೂ ಇಬ್ಬಿಬ್ಬರು ಊರು ಬಿಟ್ಟರು.

"ಮನುಷ್ಯನ ಗುಣ ಅರ್ಧ ವಂಶದಿಂದ ಬರುತ್ತೆ, ಅರ್ಧ ಪರಿಸರದಿಂದ" ಎಂದು ಚಂದ್ರಕುಮಾರ್ ಮುಂದುವರಿಸಿದರು.

"ಪರಿಸರ ಅಂದ್ರೆ ಫಾರೆಸ್ಟ್‌ನೋರಾ? ಅಂಗಾದ್ರೆ ನನ್ ಅರ್ಧ ಬಾಯ್ಗೆ ಅವ್ರ ಪರ್ಮಿಷನ್ ಬೇಕಾ?"

ಚಂದ್ರಕುಮಾರ್ ಸ್ವಲ್ಪ ಯೋಚಿಸಿ, 'ಪಡೆಯುವುದು ಸೂಕ್ತ' ಎಂದು ಗುರುತು ಹಾಕಿಕೊಂಡರು. ಆಮೇಲೆ ಒಂದು ಗೋಪುರ ತೋರಿಸಿದರು. ಕೆಳಗೆ ಅನ್ನ, ಅದರ ಮೇಲೆ ಸೂರು, ಅದರ ಮೇಲೆ ಪ್ರೀತಿ, ಮರ್ಯಾದೆ. ತುತ್ತತುದಿಯಲ್ಲಿ ಮನುಷ್ಯ ತಾನು ಏನಾಗಬೇಕೋ ಅದಾಗುತ್ತಾನೆ.

"ತುದೀಲಿ ನಾನೇನಾಗ್ಬೇಕು ಸಾಮಿ?" ಪುಟ್ಟಸಿದ್ದಮ್ಮ ನಿಜವಾಗಿಯೂ ಆಸೆಯಿಂದ ಕೇಳಿದಳು.

"ಸುಮ್ಮನಾಗಬೇಕು."

ಪರದೆ ಮೇಲೆ ಕೊನೆಗೆ ಬಂದವರು ನಾಯಿ ಸಾಕಿದ್ದ ಒಬ್ಬ ಸಾಹೇಬರು. ಅವರು ದಿನಾ ಗಂಟೆ ಬಾರಿಸಿ ಅನ್ನ ಹಾಕುತ್ತಿದ್ದರಂತೆ. ಆಮೇಲೆ ಅನ್ನವಿಲ್ಲದೆ ಬರೀ ಗಂಟೆ ಬಾರಿಸಿದರೂ ನಾಯಿ ಜೊಲ್ಲು ಸುರಿಸಿತಂತೆ.

"ಅಯ್ಯೋ ಪಾಪ. ಆಮ್ಯಾಕಾದ್ರೂ ಅನ್ನ ಇಕ್ಕಿದ್ರಾ?"

ಶಾಸ್ತ್ರದಲ್ಲಿ ಆ ಮಾಹಿತಿ ಇರಲಿಲ್ಲ. ಆದರೆ ಮರಿಮಲ್ಲಪ್ಪನವರಿಗೆ ಈ ನಾಯಿಯ ವಿಚಾರ ಹಿಡಿಸಿತು. ಹಿಂದೆ ಬೆಳಿಗ್ಗೆ ಚೊಂಬು ಹಿಡಿದು ಹೊರಟವರಿಗೆ ಸೀಟಿ ಊದಿ, ಕೈಗೊಂದು ಹೂ ಕೊಟ್ಟು ನಾಚಿಸುತ್ತಿದ್ದರಲ್ಲ, ಆ ಸೀಟಿಗಳು ಪಂಚಾಯ್ತಿ ಬೀರುವಿನಲ್ಲಿ ಹಾಗೇ ಇದ್ದವು. ಹೊಸ ನಿಯಮ ಜಾರಿಯಾಯಿತು: ಮನೆಯ ಹೊರಗೆ ಕಾರಣವಿಲ್ಲದೆ ನಗುವುದು, ಕರೆಯದೆ ಮಾತಾಡಿಸುವುದು, 'ಉಂಡ್ರಾ' ಎಂದು ವಿಚಾರಿಸುವುದು ನಿಷಿದ್ಧ, ಮೀರಿದವರಿಗೆ ಸೀಟಿ ಮತ್ತು ಒಂದು ಚೆಂಡು ಹೂ.

ಊರು ಬೇಗ ಕಲಿಯಿತು. ಅರಳಿಕಟ್ಟೆ ಮೇಲೆ ಗಂಡಸರು ಫೋಟೋಗೆ ಕೂತವರಂತೆ ಕೂತರು. ಪುಟ್ಟಸಿದ್ದಮ್ಮನ ಗಾಡಿ ಮಾತ್ರ ಮಧ್ಯಾಹ್ನದೊಳಗೆ ಹೂವಿನಿಂದ ತುಂಬಿತು. ಅವಳು ಅದನ್ನು ಮಾರುದ್ದ ಕಟ್ಟಿ ಕೇರಳದ ಕಾರುಗಳಿಗೆ ಮಾರಿದಳು. ಮಾರನೇ ದಿನ ಹೂ ಕಡಿಮೆ ಬಿದ್ದಾಗ ಕರೆಂಟು ಕಂಬದ ಜೊತೆ ಸುಖದುಃಖ ಮಾತಾಡಿ ಇನ್ನೊಂದಷ್ಟು ಗಳಿಸಿಕೊಂಡಳು. ಆಮೇಲಾಮೇಲೆ ಎಲ್ಲೋ ಸೀಟಿ ಕೇಳಿದರೂ ಸಾಕು, ಅವಳ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. 'ಸಿದ್ಧಾಂತ ಯಶಸ್ವಿ, ಫಲಿತಾಂಶ ವ್ಯತಿರಿಕ್ತ' ಎಂದು ಚಂದ್ರಕುಮಾರ್ ವರದಿ ಕೊಟ್ಟು ಬಸ್ಸು ಹತ್ತಿದರು.

ಗಾಡಿಗೆ ನೋಟೀಸು ಅಂಟಿತು. ಪುಟ್ಟಸಿದ್ದಮ್ಮ ಒಂದು ದಿನ ಪೂರಾ ಬಾಯಿ ಹೊಲಿದುಕೊಂಡವಳಂತೆ ಕೂತು ನೋಡಿದಳು. ಬಸ್ಸುಗಳು ಬಂದವು, ಹೋದವು. ಸೀಬೆಕಾಯಿ ಅವಳನ್ನು ನೋಡಿತು, ಅವಳು ಸೀಬೆಕಾಯಿ ನೋಡಿದಳು. ಸಂಜೆ ಗಾಡಿಯನ್ನು ತಳ್ಳಿಕೊಂಡು ಪಂಚಾಯ್ತಿ ಮುಂದೆ ನಿಲ್ಲಿಸಿದಳು.

"ತಕೊಂಡ್ಬುಡಪ್ಪ ಇದ್ನ. ಇಂಗ್ ಬಾಳಕ್ಕೆ ನನ್ ಕೈಲಾಗಕ್ಕಿಲ್ಲ."

ಅವಳು ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ಮರಿಮಲ್ಲಪ್ಪ ಕೇಳಿರಲೇ ಇಲ್ಲ. ಸುತ್ತೋಲೆಯನ್ನು ಮತ್ತೆ ತೆಗೆದು ಓದಿದರು. "ತಡಿ ತಡಿ. ಬಹಿರ್ ಅಂದ್ರೆ ಹೊರಗೆ. ಹೊರಗ್ ಮಾಡ್ಬಾರ್ದು, ಸರಿ. ಒಳಗ್ ಮಾಡ್ಬಾರ್ದು ಅಂತ ಎಲ್ಲದೆ?"

ಹಾಗೆ ಹುಟ್ಟಿದ್ದೇ ಮಾತುಮನೆ. ಮನೆಗೊಂದು, ಸರ್ಕಾರದ ಸಹಾಯಧನದಲ್ಲಿ. ಮೊದಲು ನೀವು ಉತ್ತರ ಹೇಳಲಾಗದೆ ಹೋದದ್ದು ಇದಕ್ಕೇ. ಕಟ್ಟುವ ಕೆಲಸ ಗುಂಡ್ಲುಪೇಟೆಯ ಗಾರೆಮೇಸ್ತ್ರಿ ಅಬ್ದುಲ್ ರಹೀಂ ಅವರದು. ಅವರಿಗೆ ಪಂಚಾಯ್ತಿಯವರು ಹಳೇ ಶೌಚಾಲಯದ ನಕ್ಷೆಯನ್ನೇ ಕೊಟ್ಟಿದ್ದರು.

"ಸಾರ್, ಗುಂಡಿ ತೆಗೀಬೇಕಾ?"

"ಮಾತಿಗ್ಯಾಕ್ರೀ ಗುಂಡಿ?" ಅಂದರು ಮರಿಮಲ್ಲಪ್ಪ.

"ಮತ್ತೆ ಮಾತು ಎಲ್ಲಿಗೆ ಹೋಗುತ್ತೆ ಸಾರ್?"

ಪಂಚಾಯ್ತಿ ಇಂಜಿನಿಯರಿಗೂ ಅದು ಗೊತ್ತಿರಲಿಲ್ಲ. ಎಸ್ಟಿಮೇಟಿನಲ್ಲಿ ಗುಂಡಿ ಇದ್ದದ್ದರಿಂದ ಗುಂಡಿಗೆ ಬಿಲ್ಲು ಆಯಿತು, ಗುಂಡಿ ಆಗಲಿಲ್ಲ.

ಫಲಾನುಭವಿಗಳು ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಒಳಗೆ ಸೌದೆ ಜೋಡಿಸಿದರು. ಪುಟ್ಟಸಿದ್ದಮ್ಮನ ಮನೆಗೆ ಹಿತ್ತಲಿರಲಿಲ್ಲವಾದ್ದರಿಂದ ಅವಳದನ್ನು ಗಾಡಿ ಪಕ್ಕದಲ್ಲೇ ಕಟ್ಟಿದರು. ಅವಳು ಬುಟ್ಟಿ ಸಮೇತ ಒಳಗೆ ಕೂತಳು. ಕಾಯಿ ಬೇಕಾದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಎರಡೇ ದಿನಕ್ಕೆ ಕಾಯಿ ಬೇಡದವರೂ ಬರತೊಡಗಿದರು. ಊರಿಗೆ ಊರೇ ಹೊರಗೆ ಬಾಯಿ ಕಟ್ಟಿಕೊಂಡಿತ್ತಲ್ಲ, ಒಳಗೆ ಹೋದವರಿಗೆ ತಡೆಯಲಾಗುತ್ತಿರಲಿಲ್ಲ. ಸೊಸೆ ಬಂದು ಅತ್ತೆ ವಿಷಯ ಹೇಳಿ ಹೋದಳು. ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ ಅತ್ತೆ ಬಂದು ಸೊಸೆ ವಿಷಯ ಹೇಳಿದಳು. ಸೀಟಿ ಊದುವವನು ಸೀಟಿ ಜೇಬಿಗೆ ಹಾಕಿಕೊಂಡು ಬಂದು, ತನ್ನನ್ನು ಯಾರೂ ಮಾತಾಡಿಸುವುದಿಲ್ಲ ಅಂತ ಅತ್ತ. ಬೇಕು ಬೇಕು ಅನ್ನುವವನು, ತಪ್ಪು ತಪ್ಪು ಅನ್ನುವವನು, ಸುಸ್ತಾದವನು, ಮೂವರೂ ಒಂದೇ ಸಲ ಒಳಗೆ ಬಂದು ಕೂರುತ್ತಿದ್ದರು. ಪುಟ್ಟಸಿದ್ದಮ್ಮ ಬಾಯಿ ತೆರೆದಳೆಂದರೆ ಅಷ್ಟರಲ್ಲಿ ಅವರು ಇನ್ನೊಂದು ಶುರು ಮಾಡಿರುತ್ತಿದ್ದರು. ಕಾಯಿ ಹೆಚ್ಚಿ, ಉಪ್ಪು ಸವರಿ, "ಊಂ, ಆಮ್ಯಾಕೆ?" ಅನ್ನುವುದಕ್ಕಷ್ಟೇ ಅವಳಿಗೆ ಪುರುಸೊತ್ತು.

ತಪಾಸಣೆಯ ದಿನ ಬಂತು. ಸ್ವರ್ಣಲತಾ ಮೇಡಂ ಜೀಪಿಳಿದರು. ರಸ್ತೆಯ ಎರಡೂ ಕಡೆ ಊರು ನಿಂತಿತ್ತು. ಒಬ್ಬರೂ ನಮಸ್ಕಾರ ಅನ್ನಲಿಲ್ಲ. ಮೇಡಂ ಪಟ್ಟಿಯಲ್ಲಿ ಟಿಕ್ ಹಾಕಿ, 'ಒಳಾಂಗಣ ಪರಿಶೀಲನೆ'ಗೆಂದು ಮಾತುಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಮರಿಮಲ್ಲಪ್ಪ ಹೊರಗೆ ಗಾಡಿಯ ಗಾಲಿ ಹಿಡಿದುಕೊಂಡು ನಿಂತರು.

ಒಳಗೆ ಪುಟ್ಟಸಿದ್ದಮ್ಮ ಒಂದು ಕಾಯಿ ಹೆಚ್ಚಿ ಮುಂದಿಟ್ಟಳು. ಒಂದು ಮಾತು ತಪ್ಪಿದರೆ ಗಾಡಿ ಹೋಯಿತು. ಆದರೂ ಮೇಡಂ ಮುಖ ನೋಡಿ ಬಾಯಿ ತಡೆಯಲಿಲ್ಲ.

"ಉಂಡ್ಯಾ ತಾಯಿ?"

ಮೇಡಂ ಪೆನ್ನು ಕೆಳಗಿಟ್ಟರು. ಕಚೇರಿಯಲ್ಲಿ ಅವರು ಊಟದ ಡಬ್ಬಿ ತೆಗೆದರೆ ಎಲ್ಲರೂ ಎದ್ದು ಹೋಗುತ್ತಾರಂತೆ. ಬಾಯಿತುಂಬ ಮಾತಾಡುವವರು ಜಿಲ್ಲೆಯಲ್ಲಿ ಎಲ್ಲಿದ್ದಾರೆ, ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳೋಣ ಅಂತಲೇ ಆ ಸುತ್ತೋಲೆ ಬರೆದದ್ದಂತೆ. ಎರಡು ಸೀಬೆಕಾಯಿ ಮುಗಿಯುವ ತನಕ ಹೇಳಿದರು. ಪುಟ್ಟಸಿದ್ದಮ್ಮ "ಊಂ" ಅಂದಳು.

ಮೂಗು ಕೆಂಪಾಗಿ ಹೊರಬಂದ ಮೇಡಂ ಅಲ್ಲೇ ನಿಂತು ಬರೆದರು: 'ಸದರಿ ಮಹಿಳೆಯು ಒಂದೇ ಮಾತಾಡಿದ್ದು, ಅದೂ ಊಟದ ವಿಚಾರ. ಗುಣವಾಗಿದೆ.' ಯಾರಿಗೆ ಗುಣವಾಗಿದೆ ಎಂದು ಬರೆದಿರಲಿಲ್ಲ. ಯಾರೂ ಕೇಳಲೂ ಇಲ್ಲ. ಗಾಡಿ ಖಾಯಂ ಆಯಿತು, ಗೌಜಲಪುರಕ್ಕೆ ಪ್ರಶಸ್ತಿ ಬಂತು, ಉಳಿದ ಊರುಗಳಿಗೂ ಗುಂಡಿ ಸಮೇತ ಮಾತುಮನೆ ಮಂಜೂರಾಯಿತು. ಚಂದ್ರಕುಮಾರ್ ತಮ್ಮ ಪರದೆಯಲ್ಲಿ ಗಡ್ಡದ ಡಾಕ್ಟರ ಪಕ್ಕ ಪುಟ್ಟಸಿದ್ದಮ್ಮನ ಫೋಟೋ ಸೇರಿಸಿಕೊಂಡರು. ಈಗ ಎಲ್ಲರೂ ಅದನ್ನು ಶಾಸ್ತ್ರ ಅಂತಲೇ ತಿಳಿದಿದ್ದಾರೆ.

ಇನ್ನು ನಿಜ ಹೇಳಿಬಿಡುವುದು ಮೇಲು: ಮೇಡಂ ಒಳಗಿದ್ದಾಗಿನ ಭಾಗ ಪೂರಾ ಕಟ್ಟಿ ಹೇಳಿದ್ದು. ಅವರಿಬ್ಬರ ಮಧ್ಯೆ ಏನು ನಡೆಯಿತೆಂದು ಯಾರಿಗೂ ಗೊತ್ತಿಲ್ಲ. ಪುಟ್ಟಸಿದ್ದಮ್ಮನನ್ನೇ ಕೇಳೋಣ ಅಂತ ಹೋದರೆ, ಒಂದು ಹೋಳು ಕೈಗಿಟ್ಟು, "ಅದಿರ್ಲಿ ಬುಡು ಮಗ, ನಿಂದೇನ್ ಹೇಳು" ಅಂತಾಳೆ.