ಮಾವನ ಮನೆಯ ಬಿಸಿಲು

ನನ್ನ ಸೋದರಮಾವ ಮಹಾ ಜಿಪುಣ. ದುಡ್ಡಿನಲ್ಲಲ್ಲ, ಬಿಸಿಲಿನಲ್ಲಿ! ದಾರಿಯಲ್ಲಿ ಹೋಗುವವರನ್ನೂ ಕರೆದು ಮುದ್ದೆ ಬಡಿಸುವ ಮನುಷ್ಯ, ಯಾರಾದರೂ ಮೊಬೈಲು ಚಾರ್ಜಿಗೆ ಹಾಕಲೇ ಅಂದರೆ ಕಿವಿ ಕೇಳಿಸದವರಂತೆ ಕೂತುಬಿಡುತ್ತಿದ್ದರು.

ಸುಗಟೂರಿನಿಂದ ಆಚೆ, ಹಿಪ್ಪುನೇರಳೆ ತೋಟದ ನಡುವೆ ಅವರ ಮನೆ. ಅಲ್ಲಿಗೆ ಕರೆಂಟು ಕಂಬ ಬರಲಿ ಅಂತ ವರ್ಷಗಟ್ಟಲೆ ಕಾದು, ಬೇಸತ್ತು, ತಾರಸಿ ಮೇಲೆ ಸೋಲಾರ್ ಹಾಕಿಸಿದರು. ಆಮೇಲೆ ಕಂಬ ಬಂತು ನೋಡಿ! “ಇನ್ಯಾಕಪ್ಪಾ? ಸೂರ್ಯ ಏನು ಬಿಲ್ ಕಳಿಸ್ತಾನಾ?” ಎಂದು ಲೈನ್‌ಮನ್‌ಗೆ ಮಜ್ಜಿಗೆ ಕುಡಿಸಿ ವಾಪಸ್ ಕಳಿಸಿದರು.

ಬೆಳಗ್ಗೆ ಹಸುವಿಗೆ ಸ್ನಾನ, ಅದಾದ ಮೇಲೆ ಸೋಲಾರ್ ಹಲಗೆಗೆ ಸ್ನಾನ. ಅದರ ಮೇಲೆ ಕಾಗೆ ಗಲೀಜು ಮಾಡಿದರೆ ಆ ಕಾಗೆಯ ವಂಶಕ್ಕೆಲ್ಲ ಬೈಗುಳ. ಮಿಕ್ಸಿ ತಿರುಗುವುದು ಬಿಸಿಲು ನೆತ್ತಿಗೇರಿದ ಮೇಲೆ ಮಾತ್ರ. ಅತ್ತೆ ಶ್ರೀನಿವಾಸಪುರದ ಕಡೆಯವರು, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. “ಈಯನಕಿ ಪಿಚ್ಚಿ ಪಟ್ಟಿಂದಿ! ಚಟ್ನಿಗೂ ಮುಹೂರ್ತ ನೋಡ್ತಾರೆ ಕಣೋ!” ಪಿಚ್ಚಿ ಅಂದರೆ ಹುಚ್ಚು. ಮಾವ ಅದನ್ನು ಒಪ್ಪಿಕೊಂಡವರಂತೆ ನಗುತ್ತಿದ್ದರು.

ಒಮ್ಮೆ ಮಾಲೂರಿನ ಬೀಗರು ಬಂದವರೇ, “ಟೀವಿ ಹಾಕಿ, ಮ್ಯಾಚ್ ಐತೆ” ಅಂದರು. ಮಾವ ಹೊರಗೆ ಹೋಗಿ ಆಕಾಶ ನೋಡಿ ಬಂದರು. “ಮೋಡ ಐತೆ. ಯಾರು ಗೆದ್ರು ಅಂತ ನಾಳೆ ಪೇಪರಲ್ಲಿ ಬರುತ್ತಲ್ಲ!” ಅವತ್ತಿನಿಂದ ಬೀಗರು ಮ್ಯಾಚ್ ಇಲ್ಲದ ದಿನ ನೋಡಿಕೊಂಡು ಬರತೊಡಗಿದರು.

ಹೋದ ಮಳೆಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ ಬೇಕು, ಅದರ ಪಂಪು ಹಗಲೂ ರಾತ್ರಿ ಓಡುತ್ತಿರಬೇಕು ಎಂದರು.

“ಕೋಲಾರದಲ್ಲಿ ನಮ್ಮನೇಲೇ ಇದ್ಬಿಡಿ ಮಾವ, ಕರೆಂಟಿರುತ್ತೆ” ಎಂದೆ.

ಅತ್ತೆಗೆ ಮಾತು ಬಿದ್ದುಹೋಗಿತ್ತು. ಕಷ್ಟಪಟ್ಟು ಒಂದೇ ಪದ ಹೇಳಿದರು: “ಮನೆ.”

“ಮನೆಗೇ ಕಣೇ” ಎಂದರು ಮಾವ.

ತಾವೇ ವಾಪಸ್ ಕಳಿಸಿದ್ದ ಕರೆಂಟನ್ನು ಕೇಳಲು ಮಾವ ಕರೆಂಟ್ ಆಫೀಸಿಗೆ ಕೈಮುಗಿದುಕೊಂಡು ಹೋದರು. ಅಲ್ಲಿಯವರು ಕೊಡುತ್ತೀವಿ ಅಂದರು. ಅದು ಬರುವ ಮೊದಲೇ ಮೋಡ ಬಂದು ಕೂತಿತು.

ದಿನಗಟ್ಟಲೆ ಬಿಸಿಲಿಲ್ಲ. ಬ್ಯಾಟರಿ ಇಳಿಯುತ್ತಾ ಹೋಯಿತು. ಮಾವ ಮಿಕ್ಸಿ, ಟೀವಿ, ಫ್ಯಾನು ಎಲ್ಲದರ ತಂತಿ ಕಿತ್ತಿಟ್ಟರು. ಕೊನೆಗೆ ದೀಪವನ್ನೂ ಆರಿಸಿ, ಪಂಪಿನ ಸದ್ದು ಕೇಳುತ್ತಾ ಕೂರತೊಡಗಿದರು. ಅದು ನಿಂತುಹೋದರೆ, ಬಿಸಿಲು ಇಣುಕುವವರೆಗೆ ಅತ್ತೆಯನ್ನು ತಾವೇ ಮೆಲ್ಲಗೆ ಎತ್ತಿ ಮಗ್ಗುಲು ಬದಲಿಸುತ್ತಿದ್ದರು.

ನಾನು ಹೋದ ಸಂಜೆಯೂ ಮನೆಯಲ್ಲಿ ಮಬ್ಬು ಕವಿದಿತ್ತು. ಮಾವ ತಡಕಾಡಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅತ್ತೆ ಚಮಚ ತಳ್ಳಿದರು.

“ಲೈ… ಟು.”

“ಬೇಡ ಕಣೇ, ಪಂಪಿಗೆ ಬೇಕು.”

“ನಿಮ್… ಮೊಖ… ಕಾಣ್ತಿಲ್ಲ.”

ಮಾವ ಗಂಜಿಯ ಬಟ್ಟಲು ಕೆಳಗಿಟ್ಟರು. ಆಮೇಲೆ ಎದ್ದು ದೀಪ ಹಾಕಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಕೂದಲು ನೀವಿಕೊಂಡು, ಹೆಣ್ಣು ನೋಡಲು ಬಂದ ಹುಡುಗನಂತೆ ಅತ್ತೆಯ ಎದುರು ಕೂತರು.

“ನೋಡ್ಕೋ” ಅಂದರು.

ಅತ್ತೆ ನೋಡುತ್ತಲೇ ಇದ್ದರು. ಮಾವ ಸ್ವಿಚ್ಚಿನ ಕಡೆ ತಿರುಗಲೇ ಇಲ್ಲ.