ಮೂರನೇ ನೀರು ಆಗುವವರೆಗೆ

ಮಕ್ಕಳಿರುವ ಕಡೆ ಇಂಥವು ಆಗುತ್ತಲೇ ಇರುತ್ತವೆ, ದೊಡ್ಡವರು ತಪ್ಪಿಸಿಕೊಳ್ಳಲು ನೋಡಿದರೆ ಇನ್ನೂ ಚೆನ್ನಾಗಿ ಆಗುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಜಯನಗರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಶಾಲೆ ಇದ್ದದ್ದು ಬಾಡಿಗೆ ಮನೆಯಲ್ಲಿ; ನನ್ನ ಎರಡನೇ ಕ್ಲಾಸು ಅದರ ಅಡುಗೆಮನೆಯಲ್ಲಿ. ಮುಂದಿನ ತಿಂಗಳು ನನ್ನ ಮದುವೆ. ಸಂಬಂಧ ತಂದವರು ನನ್ನದೇ ಕ್ಲಾಸಿನ ಒಬ್ಬ ಹುಡುಗನ ತಾಯಿ. ಹೆಣ್ಣು ಅವರ ತಂಗಿ, ವಿಲ್ಸನ್ ಗಾರ್ಡನ್ನಿನವಳು.

ಆಗ ಶಾಲೆಗೆ ಅಮ್ಮ ಬಂದಳು. ಚಿಕನ್‌ಪಾಕ್ಸನ್ನು ಬೇರೆ ಹೆಸರಿನಿಂದ ಕರೆಯುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಚಿಕ್ಕಂದಿನಲ್ಲಿ ಅದು ಬಂದಿರಲಿಲ್ಲ.

ಬೆಂಚು

ಅಮ್ಮ ಮುಂದಿನ ಬೆಂಚಿನಲ್ಲಿ ಕಿಟಕಿಯ ಕಡೆಯಿಂದ ಶುರು ಮಾಡಿದಳು. ಮೊದಲು ಕಿಟಕಿ ಪಕ್ಕದವನು ಬರಲಿಲ್ಲ. ಮರುದಿನ ಅವನ ಪಕ್ಕದವನು. ಅದರ ಮರುದಿನ ಅವನ ಪಕ್ಕದವನು. ಸಂಜೆ ಮನೆಗೆ ಹೋಗುವಾಗ ಬಾಗಿಲುಗಳಲ್ಲಿ ಬೇವಿನ ಸೊಪ್ಪು; ಒಳಗೆ ಒಗ್ಗರಣೆಯ ಸದ್ದೂ ಇಲ್ಲ.

ಒಂದು ಬೆಳಿಗ್ಗೆ ಹಾಜರಿ ಕೂಗುವಾಗ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ನಾಳೆ ನಾನು ಬರಲ್ಲ.”

“ಯಾಕೆ, ಊರಿಗೆ ಹೋಗ್ತಿದ್ದೀಯಾ?”

“ಇಲ್ಲ ಸಾರ್. ನಾಳೆ ನಾನು, ನಾಡಿದ್ದು ಇವನು. ಆಮೇಲೆ ಬೆಂಚು ಮುಗೀತು.”

‘ಇವನು’ ಸಂಬಂಧ ತಂದವರ ಮಗ. ಬೆಂಚಿನ ಆಚೆ ಇದ್ದದ್ದು ನನ್ನ ಕುರ್ಚಿ. ಕುರ್ಚಿಯನ್ನು ವರಾಂಡಕ್ಕೆ ಸಾಗಿಸಿ ಅಲ್ಲಿಂದಲೇ ಮಗ್ಗಿ ಹೇಳಿಸಿದೆ. ಒಳಗಿನಿಂದ ಉತ್ತರ ಜೋರಾಗಿಯೇ ಬರುತ್ತಿತ್ತು, ಉಳಿದಿದ್ದ ಮಕ್ಕಳಿಗಿಂತ ಹೆಚ್ಚು ದನಿಗಳಲ್ಲಿ.

ಚುಚ್ಚುಮದ್ದು

ಮರುದಿನ ಸಿಡುಬಿನ ಚುಚ್ಚುಮದ್ದು ಹಾಕುವವರ ಜೀಪು ಬಂತು. ಅವರನ್ನು ಕ್ಲಾಸಿಗೆ ಕರೆದುಕೊಂಡು ಹೋದೆ. ಸ್ಲೇಟುಗಳಿದ್ದವು, ಅವುಗಳ ಮೇಲೆ ಅರ್ಧ ಬರೆದ ಲೆಕ್ಕಗಳಿದ್ದವು, ಮಕ್ಕಳಿರಲಿಲ್ಲ. ನೆಲದ ಮೇಲೆ ಒಂದು ಬಳಪ ಇನ್ನೂ ಉರುಳುತ್ತಿತ್ತು. ಬಂದವರು ತೆರೆದ ಕಿಟಕಿ ನೋಡಿ, “ಎಲ್ಲಾ ಕಡೆ ಹೀಗೇ ಸಾರ್” ಅಂದರು.

ನಾನು ಅಂಗಿಯ ತೋಳು ಮಡಚಿ ಮುಂದೆ ಬಂದೆ. “ನನಗೆ ಹಾಕಿ. ಅಮ್ಮ ಬರದ ಹಾಗೆ.”

“ಇದು ಸಿಡುಬಿಗೆ ಸಾರ್. ನೀವು ಹೇಳ್ತಿರೋದಕ್ಕೆ ಮದ್ದೇ ಇಲ್ಲ,” ಎನ್ನುತ್ತಲೇ ಚುಚ್ಚಿದರು.

“ಮತ್ತೆ ಯಾಕೆ ಹಾಕಿದ್ರಿ?”

“ನೀವು ಓಡಿಹೋಗಲಿಲ್ಲವಲ್ಲ.”

ಹೆಡ್‌ಮಾಸ್ಟರ ಬೆತ್ತ

ಹುಡುಗಿ ಹೇಳಿದ್ದ ದಿನವೇ ಸಂಬಂಧ ತಂದವರ ಮಗನಿಗೂ ಬಂತು. ಆದರೆ ಅವನು ಮನೆಯಲ್ಲಿ ಬೇಜಾರು ಎಂದು ಮೈತುಂಬ ಗುಳ್ಳೆಯೊಂದಿಗೆ ಶಾಲೆಗೇ ಬಂದು ಕೂತ. ಹೆಡ್‌ಮಾಸ್ಟರು ಬೆತ್ತ ಹಿಡಿದು ಬಂದವರು, ನೋಡಿದ ಕೂಡಲೇ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಅಮ್ಮ ಮೈಮೇಲಿರುವಾಗ ಬೈಯುವಂತಿಲ್ಲ, ಎದುರಾಡುವಂತಿಲ್ಲ. ಅವಳು ಹೊರಡಬೇಕಾದರೆ ಬೇವಿನ ನೀರಿನ ಸ್ನಾನ ಮೂರು ಸಲ ಆಗಬೇಕು. ಶಾಲೆಯ ರೂಲೂ ಅದೇ: ಮೂರನೇ ನೀರಾಗದೆ ಒಳಗೆ ಸೇರಿಸುವಂತಿಲ್ಲ.

ಹೆಡ್‌ಮಾಸ್ಟರು ಆ ಏಳು ವರ್ಷದವನಿಗೆ ಕೈಮುಗಿದರು. “ತಾಯಿ, ತಾವು ಯಾವಾಗ ಹೊರಡ್ತೀರಿ?”

ಹುಡುಗ ನನ್ನನ್ನೇ ನೋಡಿದ. ಕಣ್ಣು ಮಿಟುಕಿಸಲಿಲ್ಲ. “ಮೇಷ್ಟ್ರ ಮದುವೆ ಊಟ ಮಾಡ್ಕೊಂಡು ಹೋಗ್ತೀನಿ.”

ಕರೆದುಕೊಂಡು ಹೋಗಲು ಬಂದ ಅವನ ತಾಯಿಗೆ, “ಅಕ್ಕ, ಎಲ್ಲಾದರೂ ದೂರ ಇಡಿ ಇವನನ್ನ” ಎಂದು ಬೇಡಿಕೊಂಡೆ.

“ಹಾಗೇ ಆಗ್ಲಿ ಮೇಷ್ಟ್ರೇ. ಮನೇಲಿ ಪಾಪು ಬೇರೆ ಇದೆ.”

ಹೆಡ್‌ಮಾಸ್ಟರು ನನ್ನ ಹೆಗಲು ತಟ್ಟಿದರು. “ನನ್ನನ್ನ ಊಟಕ್ಕೆ ಕರೀಬೇಡಿ.”

ಅಂತರಪಟ

ಮದುವೆಯ ದಿನದವರೆಗೆ ಕನ್ನಡಿ ನೋಡಿಕೊಂಡೇ ಕಾಲ ಕಳೆದೆ. ಒಂದು ಗುಳ್ಳೆಯೂ ಏಳಲಿಲ್ಲ. ಗೆದ್ದೆ ಎಂದುಕೊಂಡೇ ಮಂಟಪದಲ್ಲಿ ನಿಂತೆ. ವಾಲಗ ಜೋರಾಯಿತು, ಅಂತರಪಟ ಸರಿಯಿತು.

ಹೆಣ್ಣಿನ ಮುಖಕ್ಕೆ ಪೌಡರು ಬಹಳ ದಪ್ಪಗಿತ್ತು. ಅದರ ಕೆಳಗಿಂದ ಗುಳ್ಳೆಗಳು ನನ್ನನ್ನು ನೋಡುತ್ತಿದ್ದವು. ಅವಳ ಪಕ್ಕದಲ್ಲಿ ಅದೇ ಹುಡುಗ, ಕೈಯಲ್ಲಿ ಲಾಡು.

“ಸಾರ್, ಇಷ್ಟು ದಿನ ಚಿಕ್ಕಮ್ಮನ ಮನೇಲೇ ಇದ್ದೆ. ದೂರ ಇಡಿ ಅಂದ್ರಲ್ಲ ನೀವು.”

ನಾನು ಹೆಣ್ಣಿನ ಕಡೆ ತಿರುಗಿ, “ಏನಿದು?” ಎಂದೆ.

ಅವಳು ತಲೆ ಎತ್ತಲಿಲ್ಲ. “ಎರಡು ನೀರಾಗಿದೆ. ಮೂರನೇದು ಆಗೋವರೆಗೂ ಏನೂ ಅನ್ನಬಾರದು.”

ನಾನು ತಾಳಿ ಕಟ್ಟಿದೆ. ಹುಡುಗ ಊಟ ಮಾಡಿಕೊಂಡು ಮಾತಿನಂತೆ ಹೊರಟುಹೋದ. ಮೂರನೇ ನೀರಿನ ವಿಷಯ ಎತ್ತಿದರೆ ನನ್ನ ಹೆಂಡತಿ ಇವತ್ತಿಗೂ, “ಆಗುತ್ತೆ ಬಿಡಿ, ಏನವಸರ?” ಅನ್ನುತ್ತಾಳೆ.